ಕಾರ್ಯಾಂಗಕ್ಕೆ ಲಗಾಮು: ಬಳ್ಳಾರಿ ಗಣಿ ಪ್ರಕರಣ

ಅಧಿಕಾರ ವಿಭಜನೆಗೆ ಉದಾಹರಣೆ ಕೇಳಿದರೆ ದೂರ ಹುಡುಕಬೇಕಿಲ್ಲ. ಧಾರವಾಡದ ಸ್ವಯಂಸೇವಾ ಸಂಸ್ಥೆ ಸಮಾಜ ಪರಿವರ್ತನ ಸಮುದಾಯವು (ನೇತೃತ್ವ: ಎಸ್.ಆರ್. ಹಿರೇಮಠ) 2009ರಲ್ಲಿ ಸಂವಿಧಾನದ 32ನೇ ವಿಧಿಯಡಿ ಸುಪ್ರೀಂ ಕೋರ್ಟ್‌ಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿತು. ಗಣಿ ಗುತ್ತಿಗೆಯ ಗಡಿಕಲ್ಲು ದಾಟಿ ಅದಿರು ಅಗೆಯುತ್ತಿದ್ದಾಗ ತಡೆಯಬೇಕಾದ ಇಲಾಖೆಗಳು ಸುಮ್ಮನಿದ್ದವು ಎಂಬುದೇ ಪ್ರಕರಣದ ತಿರುಳು.

2011ರ ಜುಲೈ 29: ಸುಪ್ರೀಂ ಕೋರ್ಟ್ ಆದೇಶದಿಂದ ಬಳ್ಳಾರಿಯಲ್ಲಿ ಗಣಿಗಾರಿಕೆ ಸ್ಥಗಿತ. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಿಗೂ ಅದೇ ಆದೇಶ.

ನ್ಯಾಯಾಲಯ ಬರೀ ಕಾಗದಪತ್ರ ನಂಬಲಿಲ್ಲ, ಇದನ್ನು ಚೆನ್ನಾಗಿ ನೆನಪಿಡಿ. ಕೇಂದ್ರೀಯ ಉನ್ನತಾಧಿಕಾರ ಸಮಿತಿಯ (ಸಿಇಸಿ) ಮೂಲಕ ವರದಿ ತರಿಸಿಕೊಂಡಿತು. ಇದಕ್ಕಾಗಿ ರಚಿಸಿದ ಜಂಟಿ ತಂಡ ಒಂದೊಂದೇ ಗುತ್ತಿಗೆಯ ಗಡಿ ಅಳೆಯಿತು. ಗುತ್ತಿಗೆ ಪ್ರದೇಶದ ಹೊರಗೆ ತೋಡಿದ ಗುಂಡಿ, ಸುರಿದ ಮಣ್ಣಿನ ರಾಶಿ ಎಷ್ಟೆಂದು ಲೆಕ್ಕಹಾಕಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಗುಂಡಿಯ ಒತ್ತುವರಿ ಗುತ್ತಿಗೆ ಪ್ರದೇಶದ ಶೇ 10 ಅಥವಾ ರಾಶಿಯ ಒತ್ತುವರಿ ಶೇ 15 ಮೀರಿದ್ದರೆ ‘ಸಿ’. 2013ರ ಏಪ್ರಿಲ್ 18ರ ತೀರ್ಪು ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು.

ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಎಡವುವುದು ಅರ್ಜಿ ಸಲ್ಲಿಸುವ ವಿಧಿಯ ವಿಷಯದಲ್ಲಿ: 32ನೇ ವಿಧಿ ಸುಪ್ರೀಂ ಕೋರ್ಟ್‌ಗೆ, 226 ಹೈಕೋರ್ಟ್‌ಗೆ. ಮೂಲಭೂತ ಹಕ್ಕಿನಾಚೆಯ ಕಾನೂನುಬದ್ಧ ಹಕ್ಕುಗಳಿಗೂ ರಿಟ್ ಹೊರಡಿಸಬಹುದಾದ್ದರಿಂದ 226ರ ವ್ಯಾಪ್ತಿಯೇ ಹಿರಿದು.