ಪರದೆಗೆ ಕೊಡುವ ಕಾಸು

ಮಗಳೇ, ಹಡಗಲಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲೇ ನಿನಗೆ ಸೀಟು ಸಿಕ್ಕಿದ್ದು ಕೇಳಿ ಹಿಗ್ಗಾಯಿತು. ಲ್ಯಾಪ್‌ಟಾಪಿಗೆಂದು ನಿಮ್ಮಪ್ಪ 45 ಸಾವಿರ ಎತ್ತಿಟ್ಟಿದ್ದಾನಂತೆ. ಅದು ಮಲ್ಲಿಗೆ ತೋಟದ ದುಡ್ಡು. ನಿಮ್ಮವ್ವ ನಸುಕಿನಲ್ಲೆದ್ದು ಮೊಗ್ಗು ಬಿಡಿಸಿ ಕೂಡಿಸಿದ್ದು. ಹಾಗಾಗಿ ಹೊಸಪೇಟೆಗೋ ದಾವಣಗೆರೆಗೋ ಹೋಗಿ ಅಂಗಡಿ ಮೆಟ್ಟಿಲು ಹತ್ತುವ ಮೊದಲು ನಿನ್ನ ದೊಡ್ಡಪ್ಪನ ಒಂದು ಮಾತು ಕಿವಿಗೆ ಹಾಕಿಕೋ: ಬೇರೆ ಎಲ್ಲಿ ಬೇಕಾದರೂ ಉಳಿಸು, ಪರದೆಯಲ್ಲಿ ಉಳಿಸಬೇಡ.

ಅಂಗಡಿಯಲ್ಲಿ ಮೊದಲು ಪ್ರೊಸೆಸರ್ ಹೆಸರು ಹೇಳುತ್ತಾರೆ, ಆಮೇಲೆ ರ‍್ಯಾಮ್, ಆಮೇಲೆ ಎಸ್‌ಎಸ್‌ಡಿ. ಪರದೆಯ ಮಾತು ಬಂದರೆ ‘15.6 ಇಂಚು’ ಅಂತ ಮುಗಿಸಿಬಿಡುತ್ತಾರೆ. ರ‍್ಯಾಮ್ ಸಾಲದಾದರೆ ಮುಂದೆ ಹಾಕಿಸಿಕೊಳ್ಳಬಹುದು, ಎಸ್‌ಎಸ್‌ಡಿಯೂ ಹಾಗೆಯೇ. (ತೆಳುವಾದ ಕೆಲವು ಮಾಡೆಲ್ಲುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಖಾಲಿ ಸ್ಲಾಟ್ ಇದೆಯೇ ಎಂದು ಕೇಳಿಯೇ ತಗೋ.) ಪರದೆ ಹಾಗಲ್ಲ. ಬದಲಿಸಿ ಮೇಲಿನ ದರ್ಜೆಯದು ಹಾಕಿಸುವುದು ದುಬಾರಿ, ಎಷ್ಟೋ ಸಲ ಅದು ಹೊಂದುವುದೂ ಇಲ್ಲ. ಮೊದಲ ದಿನ ಕಂಡದ್ದನ್ನೇ ನಾಲ್ಕು ವರ್ಷವೂ ನೋಡುತ್ತ ಕೂರಬೇಕು.

ನಾನು ಪ್ರೆಸ್ಸಿನಲ್ಲಿ ಡಿಟಿಪಿ ಮಾಡಿಕೊಂಡು ಬದುಕಿದವನು. ಲಗ್ನಪತ್ರಿಕೆ, ಮೈಲಾರ ಜಾತ್ರೆಯ ಕರಪತ್ರ, ಗೃಹಪ್ರವೇಶದ ಕಾರ್ಡು, ಎಲ್ಲ ನುಡಿ, ಬರಹ ತಂತ್ರಾಂಶಗಳಲ್ಲಿ ಹೊಡೆದಿದ್ದೇನೆ. ಇಂಗ್ಲಿಷಿನವರಿಗೆ ಮಸುಕು ಪರದೆಯಲ್ಲೂ ಹೇಗೋ ನಡೆಯುತ್ತದೆ. ನಮ್ಮ ಲಿಪಿಗೆ ನಡೆಯುವುದಿಲ್ಲ. ‘ರಾಷ್ಟ್ರ’ದಲ್ಲಿ ಷಕಾರದ ಕೆಳಗೆ ಟ-ಒತ್ತು, ಅದಕ್ಕೆ ಅಂಟಿಕೊಂಡು ರ-ಒತ್ತು. ‘ಧನ’ಕ್ಕೂ ‘ದನ’ಕ್ಕೂ ಇರುವ ವ್ಯತ್ಯಾಸ ಅಕ್ಷರದ ಬುಡದಲ್ಲಿ ಒಂದು ಸಣ್ಣ ಸೀಳು, ಅಷ್ಟೇ. ಆ ಸೀಳು ತೋರಿಸಲು ಪರದೆಯಲ್ಲಿ ಚುಕ್ಕಿಗಳು ಸಾಲಬೇಕು. ತೀರ ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಮತ್ತು ಹಳೆಯವುಗಳಲ್ಲಿ 1366×768 ಎಂದಿರುತ್ತದೆ, ಅಂದರೆ ಹತ್ತೂವರೆ ಲಕ್ಷ ಚುಕ್ಕಿ. 1920×1080 ಇದ್ದರೆ ಇಪ್ಪತ್ತು ಲಕ್ಷ ದಾಟುತ್ತದೆ. 15.6 ಇಂಚಿನ ಪರದೆಯಲ್ಲಿ ಮೊದಲನೆಯದಕ್ಕೆ ಇಂಚಿಗೆ ಸುಮಾರು 100 ಚುಕ್ಕಿ, ಎರಡನೆಯದಕ್ಕೆ 141. ಪ್ರೋಗ್ರಾಮ್ ಬರೆಯುವಾಗಲೂ ಇದೇ ಕಥೆ: ಕೋಲನ್ ಯಾವುದು, ಸೆಮಿಕೋಲನ್ ಯಾವುದು ಎಂದು ಪರದೆಗೆ ಮೂಗು ತಾಗಿಸಿ ಹುಡುಕುವ ಸ್ಥಿತಿ ಬರಬಾರದು. 1920×1080ಕ್ಕಿಂತ ಕಡಿಮೆಯದನ್ನು ಕೈಯಲ್ಲಿ ಮುಟ್ಟಲೂಬೇಡ.

ಈಗ ನಿನ್ನ ಬಜೆಟ್ಟಿನಲ್ಲಿ ಚುಕ್ಕಿಗಳ ಲೆಕ್ಕ ಸಾಮಾನ್ಯವಾಗಿ ಸರಿಯಿರುತ್ತದೆ. ಕಂಪನಿಗಳು ಕತ್ತರಿ ಹಾಕುವುದು ಕಣ್ಣಿಗೆ ಬೀಳದ ಕಡೆ. ಒಂದು, ಪ್ಯಾನೆಲ್ಲಿನ ಜಾತಿ. ಟಿಎನ್ ಪ್ಯಾನೆಲ್ ಆದರೆ ಎದುರಿಗೆ ಕೂತಾಗ ಚೆನ್ನ, ಮುಚ್ಚಳ ಸ್ವಲ್ಪ ಹಿಂದೆ ಮುಂದೆ ಆದರೆ ಬಣ್ಣ ಕೆಡುತ್ತದೆ. ಐಪಿಎಸ್‌ನಲ್ಲಿ ಆ ತೊಂದರೆ ಬಹಳ ಕಡಿಮೆ. ಇನ್ನೊಂದು, ಬೆಳಕು. ಅದನ್ನು ನಿಟ್ಸ್‌ನಲ್ಲಿ ಅಳೆಯುತ್ತಾರೆ. ಅಗ್ಗದವು 220, 250ಕ್ಕೆ ನಿಲ್ಲುತ್ತವೆ. ಅಂಗಡಿಯ ಟ್ಯೂಬ್‌ಲೈಟಿನಡಿ ಅಷ್ಟೇ ಸಾಕೆನಿಸುತ್ತದೆ. ಆದರೆ ನೀನು ಓದುವುದು ನಮ್ಮೂರಿನ ಬಿಸಿಲಲ್ಲಿ, ಕರೆಂಟ್ ಹೋದಾಗ ಬಾಗಿಲು ತೆಗೆದಿಟ್ಟ ಪಡಸಾಲೆಯಲ್ಲಿ. ಅಲ್ಲಿ 300 ನಿಟ್ಸ್ ಆದರೂ ಬೇಕು, ಮೇಲ್ಮೈ ಕನ್ನಡಿಯಂತೆ ಹೊಳೆಯಬಾರದು, ಮ್ಯಾಟ್ ಇರಬೇಕು.

ಬಣ್ಣದ ವಿಚಾರ ನಿನ್ನ ಮೇಲೆ ಬಿಟ್ಟದ್ದು. ವಿವರಗಳ ಪಟ್ಟಿಯಲ್ಲಿ ‘45% ಎನ್‌ಟಿಎಸ್‌ಸಿ’ ಎಂದು ಸಣ್ಣಕ್ಷರದಲ್ಲಿ ಕಂಡರೆ ಅದು ಬಡ ಪ್ಯಾನೆಲ್ ಎಂದು ತಿಳಿ. ಕೋಡ್ ಬರೆಯಲು ಅದು ಅಡ್ಡಿಯಲ್ಲ. ಆದರೆ ರಜೆಯಲ್ಲಿ ಫ್ಲೆಕ್ಸು, ಆಮಂತ್ರಣ ವಿನ್ಯಾಸ ಮಾಡಿ ನಾಲ್ಕು ಕಾಸು ಸಂಪಾದಿಸುತ್ತೇನೆ ಅಂತಿದ್ದೆಯಲ್ಲ, ಹಾಗಿದ್ದರೆ ‘100% ಎಸ್‌ಆರ್‌ಜಿಬಿ’ ಇರುವುದಕ್ಕೆ ಎರಡು ಮೂರು ಸಾವಿರ ಜಾಸ್ತಿ ಕೊಡು. ಪರದೆಯಲ್ಲಿ ಕುಂಕುಮದಂತೆ ಕಂಡದ್ದು ಅಚ್ಚಾಗಿ ಬಂದಾಗ ಇಟ್ಟಿಗೆ ಬಣ್ಣವಾದರೆ ಗಿರಾಕಿ ಎರಡನೇ ಸಲ ಬರುವುದಿಲ್ಲ. 4ಕೆ, ಟಚ್, 144 ಹರ್ಟ್ಜ್, ಒಎಲ್‌ಇಡಿ ಇವೆಲ್ಲ ಒಳ್ಳೆಯವೇ, ನಿನಗೆ ಮಾತ್ರ ಬೇಡ. ಅಲ್ಲಿಗೆ ಹೋಗುವ ದುಡ್ಡು ನಿನ್ನ ಓದಿಗೆ ಏನೂ ತಂದುಕೊಡುವುದಿಲ್ಲ.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವಿನಲ್ಲಿ ಒಂದು ಕನ್ನಡ ಪುಟ ಹಾಕಿಕೊಂಡು ಹೋಗು. ಹನ್ನೊಂದು ಪಾಯಿಂಟಿನಲ್ಲಿ ರಾಷ್ಟ್ರ, ಸ್ತ್ರೀ, ಲಕ್ಷ್ಮಿ, ದಾರ್ಢ್ಯ ಎಂದು ಟೈಪ್ ಮಾಡಿ, ಮೊಳದಷ್ಟು ದೂರ ಕೂತು ಓದು. ಜೊತೆಗೆ ಒಂದು ಫೋಟೋ ಇರಲಿ, ನಮ್ಮ ತೋಟದ ಮಲ್ಲಿಗೆ ಮೊಗ್ಗಿನದು, ಬುಟ್ಟಿ ತುಂಬಿದ್ದು. ಅದನ್ನು ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ಅಕ್ಕಪಕ್ಕ ಇಟ್ಟು ನೋಡು. ಮೊಗ್ಗಿನ ಬಿಳಿ ಲ್ಯಾಪ್‌ಟಾಪಿನಲ್ಲಿ ನೀಲಿಗೆ ತಿರುಗಿದ್ದರೆ, ತೊಟ್ಟಿನ ಬಳಿಯ ತಿಳಿಹಸಿರು ಕಾಣದಿದ್ದರೆ, ಆ ಪ್ಯಾನೆಲ್ ಬಿಡು. ಆಮೇಲೆ ಎದ್ದು ನಿಂತು ನೋಡು, ಪಕ್ಕಕ್ಕೆ ಸರಿದು ನೋಡು. ‘ಬಾಗಿಲ ಹತ್ತಿರ ಇಟ್ಟು ತೋರಿಸ್ರಿ’ ಅಂತ ಕೇಳು, ಸಂಕೋಚ ಬೇಡವ್ವ. ಬೆಳಕು ಪೂರ್ತಿ ತಗ್ಗಿಸಿ ಫೋನಿನ ಕ್ಯಾಮೆರಾ ಹಿಡಿ. ಪರದೆಯ ಮೇಲೆ ಕಪ್ಪು ಪಟ್ಟೆಗಳು ಜಾರುತ್ತ ಕಂಡರೆ ಅದು ಮಿನುಗುವ ಪರದೆ, ರಾತ್ರಿ ಓದುವವರಿಗೆ ತಲೆನೋವು ತರಬಹುದು.

ಇಷ್ಟೆಲ್ಲ ಸೇರಿ ಲೆಕ್ಕ 45 ಸಾವಿರ ಮೀರಿದರೆ ಪ್ರೊಸೆಸರಿನಲ್ಲಿ ಒಂದು ಮೆಟ್ಟಿಲು ಇಳಿ. ಮೊದಲ ಎರಡು ವರ್ಷದ ಲ್ಯಾಬ್ ಕೆಲಸಕ್ಕೆ ಐ3, ರೈಜನ್ 3 ಧಾರಾಳ ಸಾಕು. ನಿಮ್ಮಪ್ಪನ ಹತ್ತಿರ ಸಾಲ ಮಾಡಿಸಬೇಡ. ಪ್ರೊಸೆಸರ್ ಇಳಿಸಿದರೂ ದುಡ್ಡು ಸಾಲದಿದ್ದರೆ ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರಿಗೇ ಮುಗಿದಿದೆ. ಹಾಗಾಗಿ ವಿಂಡೋಸ್ 11 ಓಡುವಂಥದ್ದನ್ನೇ ತಗೋ, ಇಂಟೆಲ್ ಆದರೆ ಎಂಟನೇ ತಲೆಮಾರಿಗಿಂತ ಹಳೆಯದಕ್ಕೆ ಕೈ ಹಾಕಬೇಡ.

ಆನ್‌ಲೈನಿನಲ್ಲಿ ತರಿಸುವುದಾದರೆ ಮಾಡೆಲ್ ಹೆಸರು ನೋಡಿ ಸುಮ್ಮನಾಗಬೇಡ. ಒಂದೇ ಹೆಸರಿನಲ್ಲಿ ಎರಡು ಮೂರು ಬಗೆಯ ಪರದೆ ಮಾರುತ್ತಾರೆ, ಅದು ಗೊತ್ತಾಗುವುದು ಹೆಸರಿನ ಬಾಲದಲ್ಲಿರುವ ಅಕ್ಷರ, ಅಂಕಿಗಳಿಂದ. ಅದನ್ನು ಪೂರ್ತಿ ಬಿಲ್ಲಿನಲ್ಲಿ ನೋಡಿಕೋ. ಪೆಟ್ಟಿಗೆ ಒಡೆಯುವಾಗ ವಿಡಿಯೋ ಮಾಡು, ಅದೇ ದಿನ ಪರದೆ ತುಂಬ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಒಂದೊಂದಾಗಿ ಹಾಕಿ ಸತ್ತ ಚುಕ್ಕಿ ಇದೆಯೇ ಹುಡುಕು. ವಾಪಸು ಕೊಡುವ ಗಡುವು ದಾಟಿದ ಮೇಲೆ ಒಂದೆರಡು ಚುಕ್ಕಿಗಾಗಿ ಯಾರೂ ಬದಲಿಸಿಕೊಡುವುದಿಲ್ಲ.