ಜೀವಕೋಶದ ತೂಬುಗಳು

ಬರಿಗಾಲಿನಲ್ಲಿ ನಡೆಯುವಾಗ ಮುಳ್ಳು ತಾಗಿದೊಡನೆ ನಾವು ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತೇವೆ. ಮುಳ್ಳು ತಾಗಿದ ಸುದ್ದಿ ನರದ ಮೂಲಕ ಬೆನ್ನುಹುರಿಯನ್ನು ಮುಟ್ಟಬೇಕು. ಅಲ್ಲಿಂದ ಆಜ್ಞೆಯೊಂದು ಹೊರಟು ತೊಡೆಯ ಮಾಂಸಖಂಡವನ್ನು ಸೇರಬೇಕು. ಆ ಮಾಂಸಖಂಡ ಬಿಗಿದುಕೊಳ್ಳಬೇಕು. ಇಷ್ಟೆಲ್ಲವೂ ಕಣ್ಣೆವೆಯಿಕ್ಕುವಷ್ಟರಲ್ಲಿ ಮುಗಿದುಹೋಗುವುದರಿಂದ, ಇದಕ್ಕೆ ಕಾಲವೇ ಹಿಡಿಯುವುದಿಲ್ಲವೆಂದು ತೋರುವುದು ಸಹಜ. ಹತ್ತೊಂಬತ್ತನೆಯ ಶತಮಾನದ ಹೆಸರಾಂತ ಜರ್ಮನ್ ವಿಜ್ಞಾನಿ ಯೊಹಾನೆಸ್ ಮುಲ್ಲರ್ ಅವರು ಸಹ ನರದಲ್ಲಿ ಸಾಗುವ ಸುದ್ದಿಯ ವೇಗವನ್ನು ಅಳೆಯುವುದು ಮನುಷ್ಯನಿಂದಾಗದ ಕೆಲಸವೆಂದು ಭಾವಿಸಿದ್ದರು. ಆದರೆ ಅವರ ಶಿಷ್ಯರೇ ಆದ ಹೆಲ್ಮ್‌ಹೋಲ್ಟ್ಸ್ ಅವರು 1850ರಲ್ಲಿ ಅದನ್ನು ಅಳೆದು ತೋರಿಸಿದರು. ಕಪ್ಪೆಯ ಕಾಲಿನ ನರವನ್ನು ಒಮ್ಮೆ ಮಾಂಸಖಂಡದ ಸಮೀಪದಲ್ಲಿಯೂ ಮತ್ತೊಮ್ಮೆ ದೂರದಲ್ಲಿಯೂ ಕೆರಳಿಸಿ, ಮಾಂಸಖಂಡ ಅದುರುವುದು ಎಷ್ಟು ತಡವಾಯಿತೆಂಬುದನ್ನು ಅವರು ಲೆಕ್ಕ ಹಾಕಿದರು. ಸುದ್ದಿಯ ವೇಗ ಸೆಕೆಂಡಿಗೆ ಸುಮಾರು 27 ಮೀಟರ್ ಎಂದು ತಿಳಿಯಿತು. ಇದು ಓಡುವ ರೈಲಿನ ವೇಗ, ಅಷ್ಟೆ.

ಈ ಉತ್ತರವೇ ಹೊಸದೊಂದು ಪ್ರಶ್ನೆಯನ್ನು ಹುಟ್ಟಿಸಿತು. ನರದಲ್ಲಿ ಸಾಗುವುದು ಒಂದು ಬಗೆಯ ವಿದ್ಯುತ್ತೆಂಬುದರ ಸುಳಿವು ಇಟಲಿಯ ಗಾಲ್ವಾನಿಯವರು 1791ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದಲೇ ದೊರೆತಿತ್ತು. ತಾಮ್ರದ ತಂತಿಯ ಮೂಲಕ ಕಳುಹಿಸಿದ ತಂತಿವರ್ತಮಾನವಾದರೋ ನೂರಾರು ಮೈಲಿಗಳನ್ನು ಕ್ಷಣಾರ್ಧದಲ್ಲಿ ದಾಟುತ್ತಿತ್ತು. ಹಾಗಾದರೆ ನರದ ವಿದ್ಯುತ್ತು ಇಷ್ಟು ನಿಧಾನವೇಕೆ? ತಂತಿಯಲ್ಲಿ ಹರಿಯುವುದಕ್ಕೂ ನರದಲ್ಲಿ ಹರಿಯುವುದಕ್ಕೂ ಭೇದವಿರಲೇಬೇಕಷ್ಟೆ.

ಆ ಭೇದವನ್ನು ಅರಿಯಲು ಉಪ್ಪಿನಿಂದ ಆರಂಭಿಸೋಣ. ಅಡುಗೆಯ ಉಪ್ಪು ನೀರಿನಲ್ಲಿ ಕರಗಿದಾಗ ಅದು ಧನ ವಿದ್ಯುದಂಶವುಳ್ಳ ಸೋಡಿಯಂ ಮತ್ತು ಋಣ ವಿದ್ಯುದಂಶವುಳ್ಳ ಕ್ಲೋರೈಡ್ ಎಂಬ ಕಣಗಳಾಗಿ ಬೇರ್ಪಡುತ್ತದೆ. ಇಂತಹ ವಿದ್ಯುತ್‌ಕಣಗಳನ್ನು ಅಯಾನುಗಳೆಂದು ಕರೆಯುತ್ತಾರೆ. ನಮ್ಮ ದೇಹದ ಪ್ರತಿಯೊಂದು ಜೀವಕೋಶದ ಒಳಗೂ ಹೊರಗೂ ಇರುವುದು ಇಂತಹ ಉಪ್ಪುನೀರೇ. ಆದರೆ ಎರಡೂ ಕಡೆಯ ನೀರು ಒಂದೇ ತೆರನಾದುದಲ್ಲ. ಹೊರಗಡೆ ಸೋಡಿಯಂ ಅಯಾನುಗಳು ಒಳಗಿನದರ ಹತ್ತು ಪಟ್ಟಿಗೂ ಹೆಚ್ಚು. ಒಳಗಡೆ ಪೊಟ್ಯಾಸಿಯಂ ಅಯಾನುಗಳು ಹೊರಗಿನದರ ಸುಮಾರು 30 ಪಟ್ಟು. ಈ ಏರುಪೇರು ತಾನಾಗಿ ಉಂಟಾದುದಲ್ಲ. ಜೀವಕೋಶದ ಪೊರೆಯಲ್ಲಿ ಒಂದು ಬಗೆಯ ಪಂಪುಗಳುಂಟು. ಒಂದೊಂದು ಸುತ್ತಿಗೂ ಅವು 3 ಸೋಡಿಯಂ ಅಯಾನುಗಳನ್ನು ಹೊರಕ್ಕೆ ತಳ್ಳಿ 2 ಪೊಟ್ಯಾಸಿಯಂ ಅಯಾನುಗಳನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ನಾವು ಉಂಡ ಅನ್ನದಿಂದ ಮೆದುಳಿಗೆ ದೊರೆಯುವ ಶಕ್ತಿಯಲ್ಲಿ ದೊಡ್ಡದೊಂದು ಪಾಲು ಈ ಪಂಪುಗಳಿಗೇ ವೆಚ್ಚವಾಗುತ್ತದೆ.

ಕೆರೆಯಲ್ಲಿ ನೀರು ತುಂಬಿ ನಿಂತಿದೆ. ಏರಿಯ ಕೆಳಗೆ ಗದ್ದೆಗಳಿವೆ. ತೂಬನ್ನು ಎತ್ತಿದರೆ ಸಾಕು, ನೀರನ್ನು ಯಾರೂ ನೂಕಬೇಕಾಗಿಲ್ಲ. ಜೀವಕೋಶದ ವ್ಯವಸ್ಥೆಯೂ ಹೀಗೆಯೇ. ಎರಡು ಅಣುಗಳಷ್ಟು ದಪ್ಪದ ಕೊಬ್ಬಿನ ಪೊರೆಯೇ ಇಲ್ಲಿ ಏರಿ. ಅಯಾನುಗಳು ಅದನ್ನು ಭೇದಿಸಲಾರವು. ಆದರೆ ಆ ಪೊರೆಯಲ್ಲಿ ಅಲ್ಲಲ್ಲಿ ಪ್ರೋಟೀನಿನಿಂದಾದ ಅತಿ ಸೂಕ್ಷ್ಮವಾದ ನಾಳಗಳು ನಾಟಿಕೊಂಡಿವೆ. ಇವೇ ಅಯಾನು ನಾಳಗಳು. ತೆರೆದಾಗ ಒಂದೊಂದು ನಾಳದ ಮೂಲಕ ಸೆಕೆಂಡಿಗೆ ಕೋಟಿಯಷ್ಟು ಅಯಾನುಗಳು ನುಗ್ಗಬಲ್ಲವು. ಪ್ರತಿ ತೂಬೂ ತನಗೆ ಸಲ್ಲುವ ಅಯಾನಿಗೆ ಮಾತ್ರ ದಾರಿ ಕೊಡುತ್ತದೆ: ಸೋಡಿಯಂ ನಾಳ ಬೇರೆ, ಪೊಟ್ಯಾಸಿಯಂ ನಾಳ ಬೇರೆ, ಕ್ಯಾಲ್ಸಿಯಂ ನಾಳ ಬೇರೆ.

ಇನ್ನು ಈ ತೂಬುಗಳ ನೀರಗಂಟಿ ಯಾರೆಂಬುದನ್ನು ನೋಡೋಣ. ನರವು ಸುಮ್ಮನಿರುವಾಗ ಕೆಲವು ಪೊಟ್ಯಾಸಿಯಂ ನಾಳಗಳು ಮಾತ್ರ ತೆರೆದಿರುತ್ತವೆ. ಅವುಗಳ ಮೂಲಕ ಸ್ವಲ್ಪ ಪೊಟ್ಯಾಸಿಯಂ ಹೊರಕ್ಕೆ ಸೋರುವುದರಿಂದ ಕೋಶದ ಒಳಭಾಗವು ಹೊರಗಿನದಕ್ಕಿಂತ ಸುಮಾರು 70 ಮಿಲಿವೋಲ್ಟ್‌ನಷ್ಟು ಋಣವಾಗಿರುತ್ತದೆ. ಇದು ಅಲ್ಪವೆಂದು ತೋರಬಹುದು. ಆದರೆ ಪೊರೆಯ ತೆಳುವನ್ನು ಗಣಿಸಿದರೆ ಸೆಂಟಿಮೀಟರಿಗೆ ಸುಮಾರು ಒಂದು ಲಕ್ಷ ವೋಲ್ಟ್‌ನ ಒತ್ತಡವಾಯಿತು! ಸೋಡಿಯಂ ನಾಳದ ಪ್ರೋಟೀನಿನ ಕೆಲವು ಭಾಗಗಳಲ್ಲಿ ವಿದ್ಯುದಂಶಗಳಿವೆ. ಈ ಒತ್ತಡ ಇರುವವರೆಗೆ ನಾಳ ಮುಚ್ಚಿರುತ್ತದೆ; ಒತ್ತಡ ತುಸು ಇಳಿದರೆ ಆ ಭಾಗಗಳು ಸರಿದು ನಾಳ ತೆರೆದುಕೊಳ್ಳುತ್ತದೆ. ಎಂದರೆ ಇಲ್ಲಿ ವಿದ್ಯುತ್ತೇ ನೀರಗಂಟಿ.

ನಾಳ ತೆರೆದೊಡನೆ ಸೋಡಿಯಂ ಒಳಕ್ಕೆ ನುಗ್ಗುತ್ತದೆ. ಋಣವಾಗಿದ್ದ ಒಳಭಾಗ ಕ್ಷಣಮಾತ್ರ ಧನವಾಗುತ್ತದೆ. ಆದರೆ ಸೆಕೆಂಡಿನ ಸುಮಾರು ಸಾವಿರದ ಒಂದು ಭಾಗದೊಳಗೆ ಸೋಡಿಯಂ ನಾಳವು ತಾನಾಗಿಯೇ ಅಡಗಿಕೊಳ್ಳುತ್ತದೆ. ಅಷ್ಟರಲ್ಲಿ ಇನ್ನೊಂದು ಬಗೆಯ ಪೊಟ್ಯಾಸಿಯಂ ನಾಳಗಳು ತೆರೆದು, ಪೊಟ್ಯಾಸಿಯಂ ಹೊರಕ್ಕೆ ಹರಿದು, ಮೊದಲಿನ ಸ್ಥಿತಿ ಮರಳುತ್ತದೆ. ಒಂದೆಡೆ ಉಂಟಾದ ಈ ಬದಲಾವಣೆ ಪಕ್ಕದ ಪೊರೆಯ ಒತ್ತಡವನ್ನು ತಗ್ಗಿಸುವುದರಿಂದ ಅಲ್ಲಿಯ ನಾಳಗಳೂ ತೆರೆಯುತ್ತವೆ, ಅವುಗಳಿಂದ ಮುಂದಿನವು. ಹೀಗೆ ಸುದ್ದಿ ಅಲೆಯಂತೆ ಮುಂದುವರಿಯುತ್ತದೆ. ಆಗತಾನೆ ಅಡಗಿದ ನಾಳಗಳು ತುಸುಹೊತ್ತು ಮತ್ತೆ ತೆರೆಯಲಾರವಾದ್ದರಿಂದ ಅಲೆ ಹಿಂದಿರುಗುವುದಿಲ್ಲ. ಹೆಜ್ಜೆಹೆಜ್ಜೆಗೂ ಬಾಗಿಲು ತೆರೆದು ಮುಚ್ಚಬೇಕಾದ ಈ ಸುದ್ದಿ ತಂತಿಯ ವಿದ್ಯುತ್ತಿಗಿಂತ ನಿಧಾನವಾದುದರಲ್ಲಿ ಆಶ್ಚರ್ಯವೇನು? ಹೆಲ್ಮ್‌ಹೋಲ್ಟ್ಸ್ ಅವರ ಅಳತೆ ಎತ್ತಿದ್ದ ಪ್ರಶ್ನೆಗೆ ಉತ್ತರ ಇದೇ.

ಇದನ್ನು ಕಂಡುಹಿಡಿದುದು ಸುಲಭವಾಗಿರಲಿಲ್ಲ. ಕರಾವಳಿಯ ಜನ ಬೊಂಡಾಸ ಎಂದು ಕರೆಯುವ ಸ್ಕ್ವಿಡ್ ಎಂಬ ಕಡಲಜೀವಿಯಲ್ಲಿ ಅರ್ಧ ಮಿಲಿಮೀಟರಿಗೂ ಹೆಚ್ಚು ದಪ್ಪದ ನರತಂತುವೊಂದುಂಟು. ಇಂಗ್ಲೆಂಡಿನ ಹಾಜ್‌ಕಿನ್ ಮತ್ತು ಹಕ್ಸ್‌ಲಿ ಅವರು 1939ರಲ್ಲಿ ಪ್ಲಿಮತ್ ಎಂಬ ಊರಿನಲ್ಲಿ ಆ ತಂತುವಿನೊಳಕ್ಕೆ ವಿದ್ಯುದಗ್ರವನ್ನು ತೂರಿಸಿ ಸುದ್ದಿಯ ಅಲೆಯನ್ನು ಅಳೆದರು. ಬೆನ್ನಲ್ಲೇ ಮಹಾಯುದ್ಧ ಆರಂಭವಾಗಿ ಕೆಲಸ ನಿಂತುಹೋಯಿತು. ಯುದ್ಧ ಮುಗಿದ ಮೇಲೆ ಮತ್ತೆ ತೊಡಗಿ, ಕೈಯಿಂದ ತಿರುಗಿಸುವ ಲೆಕ್ಕಯಂತ್ರದ ಮುಂದೆ ವಾರಗಟ್ಟಲೆ ಕುಳಿತು, 1952ರಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂಗಳ ಹರಿವಿನ ಗಣಿತವನ್ನು ಪ್ರಕಟಿಸಿದರು. 1963ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಆದರೆ ನಾಳವೊಂದು ತೆರೆದು ಮುಚ್ಚುವುದನ್ನು ಪ್ರತ್ಯೇಕವಾಗಿ ಅವರು ಕಂಡಿರಲಿಲ್ಲ. ಅದನ್ನು 1976ರಲ್ಲಿ ಸಾಧಿಸಿದವರು ಜರ್ಮನಿಯ ನೇಹರ್ ಮತ್ತು ಸಾಕ್‌ಮನ್. ಅತಿ ಸೂಕ್ಷ್ಮವಾದ ಮೊನೆಯುಳ್ಳ ಗಾಜಿನ ನಳಿಕೆಯನ್ನು ಕಪ್ಪೆಯ ಸ್ನಾಯುಕೋಶದ ಪೊರೆಗೆ ಒತ್ತಿ ಹಿಡಿದು, ಒಂದೇ ನಾಳದ ವಿದ್ಯುತ್ತನ್ನು ಅವರು ದಾಖಲಿಸಿದರು. ಅದು ಒಮ್ಮೆಲೇ ಹರಿಯುತ್ತಿತ್ತು, ಒಮ್ಮೆಲೇ ನಿಲ್ಲುತ್ತಿತ್ತು, ನಡುವಣ ಸ್ಥಿತಿಯಿರಲಿಲ್ಲ.

ಇನ್ನೂ ಒಂದು ಒಗಟು ಉಳಿದಿತ್ತು. ಸೋಡಿಯಂ ಅಯಾನು ಪೊಟ್ಯಾಸಿಯಂಗಿಂತ ಚಿಕ್ಕದು. ದೊಡ್ಡದು ನುಸುಳುವ ನಾಳದಲ್ಲಿ ಚಿಕ್ಕದಕ್ಕೇಕೆ ದಾರಿಯಿಲ್ಲ? ಅಮೆರಿಕದ ಮೆಕಿನನ್ ಅವರು 1998ರಲ್ಲಿ ಬ್ಯಾಕ್ಟೀರಿಯಾ ಒಂದರ ಪೊಟ್ಯಾಸಿಯಂ ನಾಳದ ರಚನೆಯನ್ನು ಕ್ಷಕಿರಣಗಳಿಂದ ಕಂಡು ಈ ಒಗಟನ್ನು ಬಿಡಿಸಿದರು. ನೀರಿನಲ್ಲಿ ಅಯಾನಿನ ಸುತ್ತ ನೀರಿನ ಅಣುಗಳು ಮುತ್ತಿಕೊಂಡಿರುತ್ತವೆ. ನಾಳದ ಇಕ್ಕಟ್ಟಿನಲ್ಲಿ ಆ ನೀರನ್ನು ಕಳಚಿಯೇ ಸಾಗಬೇಕು. ಅಲ್ಲಿ ಸಾಲಾಗಿ ನಿಂತ ಆಮ್ಲಜನಕದ ಪರಮಾಣುಗಳು ಪೊಟ್ಯಾಸಿಯಂ ಅನ್ನು ನೀರಿನಷ್ಟೇ ಹಿತವಾಗಿ ಹಿಡಿದುಕೊಳ್ಳುತ್ತವೆ. ಚಿಕ್ಕದಾದ ಸೋಡಿಯಂಗೆ ಆ ಹಿಡಿತ ಸಡಿಲ; ಆದ್ದರಿಂದ ಅದು ನೀರಿನ ಸಂಗವನ್ನು ಬಿಟ್ಟು ಒಳಬರುವುದಿಲ್ಲ.

ಸುದ್ದಿಯು ನರದ ತುದಿಯನ್ನು ತಲಪಿದಾಗ ಮತ್ತೊಂದು ಏರ್ಪಾಡು ಕಾಣುತ್ತದೆ. ನರಕ್ಕೂ ಸ್ನಾಯುವಿಗೂ ನಡುವೆ ಸಣ್ಣದೊಂದು ಕಂದಕವಿದೆ. ನರದ ತುದಿಯ ಕ್ಯಾಲ್ಸಿಯಂ ನಾಳಗಳು ತೆರೆದು ಕ್ಯಾಲ್ಸಿಯಂ ಒಳಬಂದೊಡನೆ, ಅಲ್ಲಿ ಶೇಖರವಾಗಿದ್ದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವು ಕಂದಕಕ್ಕೆ ಸುರಿಯುತ್ತದೆ. ಆಚೆ ದಡದ ಸ್ನಾಯುವಿನ ನಾಳಗಳಿಗೆ ಈ ರಾಸಾಯನಿಕವೇ ನೀರಗಂಟಿ. ಅದರ ಎರಡು ಅಣುಗಳು ಬಂದು ಕುಳಿತಾಗ ನಾಳ ತೆರೆದು ಸೋಡಿಯಂ ನುಗ್ಗುತ್ತದೆ; ಅಲೆ ಸ್ನಾಯುವಿನ ಉದ್ದಕ್ಕೂ ಹಬ್ಬುತ್ತದೆ; ಸ್ನಾಯುಕೋಶದ ಒಳಗಣ ಉಗ್ರಾಣದಿಂದ ಕ್ಯಾಲ್ಸಿಯಂ ಬಿಡುಗಡೆಯಾಗಿ ಸ್ನಾಯು ಬಿಗಿಯುತ್ತದೆ. ಕೆಲಸ ಮುಗಿದ ಅಸಿಟೈಲ್‌ಕೋಲಿನ್ ಅನ್ನು ಒಂದು ಕಿಣ್ವವು ಕೂಡಲೇ ಒಡೆದುಹಾಕುತ್ತದೆ.

ಈ ತಿಳಿವಳಿಕೆ ಪ್ರಾಣವನ್ನು ಉಳಿಸುವಂಥದು. ನಾಗರಹಾವಿನ ವಿಷದಲ್ಲಿರುವ ಒಂದು ಪ್ರೋಟೀನು ಸ್ನಾಯುವಿನ ನಾಳದ ಮೇಲೆ ಅಸಿಟೈಲ್‌ಕೋಲಿನ್ ಕೂಡಬೇಕಾದ ಪೀಠವನ್ನು ತಾನೇ ಆಕ್ರಮಿಸುತ್ತದೆ. ನಾಳವನ್ನು ಮಾತ್ರ ತೆರೆಯುವುದಿಲ್ಲ. ಕಟ್ಟುಹಾವಿನ ವಿಷವು ನರದ ತುದಿಯನ್ನೇ ಕೆಡಿಸಿ, ರಾಸಾಯನಿಕ ಹೊರಬರದಂತೆ ಮಾಡುತ್ತದೆ. ಎರಡರ ಫಲವೂ ಒಂದೇ: ಆಜ್ಞೆ ಬಂದರೂ ಸ್ನಾಯುವಿಗೆ ಕೇಳಿಸದು. ಮೊದಲು ರೆಪ್ಪೆಗಳು ಜೋಲುತ್ತವೆ, ಮಾತು ತೊದಲುತ್ತದೆ, ನುಂಗುವುದು ಕಷ್ಟವಾಗುತ್ತದೆ. ಕೊನೆಗೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ಕಟ್ಟುಹಾವು ರಾತ್ರಿಯಲ್ಲಿ ನೆಲದ ಮೇಲೆ ಮಲಗಿದವರನ್ನು ಕಚ್ಚುವುದುಂಟು. ನೋವು, ಬಾವು ಹೆಚ್ಚಾಗಿ ಕಾಣದ ಕಾರಣ ಜನ ಅದನ್ನು ಅಲಕ್ಷಿಸುವುದೂ ಉಂಟು.

ಮಂತ್ರಕ್ಕಾಗಲಿ ಬೇರುನಾರಿಗಾಗಲಿ ನಾಳದ ಪೀಠದಿಂದ ವಿಷವನ್ನು ಎಬ್ಬಿಸುವ ಶಕ್ತಿಯಿಲ್ಲ. ಗಾಯವನ್ನು ಕೊಯ್ಯುವುದರಿಂದಲೂ, ಬಾಯಿಯಿಂದ ಹೀರುವುದರಿಂದಲೂ, ಬಿಗಿಯಾಗಿ ಕಟ್ಟುವುದರಿಂದಲೂ ಕೇಡೇ ಹೆಚ್ಚು. ಕಚ್ಚಿದ ಅಂಗವನ್ನು ಅಲುಗಿಸದೆ, ರೋಗಿಗೆ ಧೈರ್ಯ ಹೇಳುತ್ತ, ಪ್ರತಿವಿಷದ ಚುಚ್ಚುಮದ್ದೂ ಕೃತಕ ಉಸಿರಾಟದ ಸೌಕರ್ಯವೂ ಇರುವ ಆಸ್ಪತ್ರೆಗೆ ತಡಮಾಡದೆ ಸಾಗಿಸಬೇಕು. ನಾಗರಹಾವು ಕಡಿದಾಗ ವೈದ್ಯರು ನಿಯೋಸ್ಟಿಗ್ಮಿನ್ ಎಂಬ ಮದ್ದನ್ನೂ ಕೊಡುವುದುಂಟು. ಅದು ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವವನ್ನು ತಡೆಯುತ್ತದೆ. ಆಗ ಕಂದಕದಲ್ಲಿ ಅಸಿಟೈಲ್‌ಕೋಲಿನ್ ಹೆಚ್ಚಿ, ವಿಷದೊಡನೆ ಪೈಪೋಟಿ ನಡೆಸಿ ಪೀಠವನ್ನು ಮರಳಿ ಪಡೆಯುತ್ತದೆ.

ಕಟ್ಟುಹಾವಿನ ವಿಷವೇರಿದವನು ಕಣ್ಣು ತೆರೆಯಲಾರ, ಬೆರಳನ್ನು ಅಲುಗಿಸಲಾರ, ಉಸಿರಾಡಲಾರ. ನೋಡುವವರು ಅವನು ಸತ್ತನೆಂದೇ ತಿಳಿಯಬಹುದು. ಆದರೆ ಅವನ ಹೃದಯ ಬಡಿಯುತ್ತಿರುತ್ತದೆ. ಸುತ್ತಲಿನವರ ಮಾತು ಅವನಿಗೆ ಕೇಳಿಸುತ್ತಿರಲೂಬಹುದು. ಯಂತ್ರದ ನೆರವಿನಿಂದ ಅವನ ಉಸಿರನ್ನು ಕೆಲವು ದಿನ ಕಾಪಾಡಿದರೆ, ಕೆಟ್ಟುಹೋದ ನರದ ತುದಿಗಳು ಮತ್ತೆ ಚಿಗುರುತ್ತವೆ, ನಾಳಗಳು ಮತ್ತೆ ತೆರೆಯುತ್ತವೆ, ಅವನು ಎದ್ದು ಮನೆಗೆ ನಡೆದುಹೋಗುತ್ತಾನೆ. ಕಪ್ಪೆಯ ಕಾಲನ್ನೂ ಕಡಲಜೀವಿಯ ನರವನ್ನೂ ಮುಂದಿಟ್ಟುಕೊಂಡು ಹಲವರು ಪಟ್ಟ ಶ್ರಮದಿಂದಲೇ ಈ ಭರವಸೆ ನಮಗೆ ಲಭಿಸಿದೆ.