ಶೆಲ್ಲಿನ ಪದಚ್ಛೇದ



ವ್ಯಾಕರಣದ ತರಗತಿಯಲ್ಲಿ ನಾವೆಲ್ಲರೂ ಪದಚ್ಛೇದವನ್ನು ಕಲಿತವರು. ನಮ್ಮ ಪೂರ್ವಿಕರು ಶಿಲಾಶಾಸನಗಳಲ್ಲಿಯೂ ತಾಳೆಗರಿಗಳಲ್ಲಿಯೂ ಪದಗಳ ನಡುವೆ ತೆರಪು ಬಿಡದೆ ಬರೆಯುತ್ತಿದ್ದರು. ಒಂದು ಪದವು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ತೊಡಗಿತು ಎಂಬುದನ್ನು ಓದುವವನೇ ಅರಿಯಬೇಕಾಗಿತ್ತು. ಇಂದು ನಾವು ತೆರಪು ಬಿಟ್ಟು ಬರೆಯುತ್ತೇವೆ; ಆದರೂ ಎಚ್ಚರ ತಪ್ಪುವಂತಿಲ್ಲ. ‘ಅವನ ಕೈಬಿಡು’ ಎಂದರೆ ಅವನನ್ನು ತೊರೆ ಎಂದರ್ಥ. ‘ಅವನ ಕೈ ಬಿಡು’ ಎಂದರೆ ಹಿಡಿದ ಕೈಯನ್ನು ಸಡಿಲಿಸು ಎಂದರ್ಥ. ಮನುಷ್ಯನಾದರೋ ಸಂದರ್ಭವನ್ನು ನೋಡಿ ತಪ್ಪನ್ನು ತಿದ್ದಿಕೊಳ್ಳುತ್ತಾನೆ. ಗಣಕಯಂತ್ರದ ಶೆಲ್ಲಿಗೆ ಸಂದರ್ಭದ ಅರಿವಿಲ್ಲ. ಅದಕ್ಕೆ ನಿಯಮವೊಂದೇ ಗತಿ.

ಆ ನಿಯಮವನ್ನು ಅರಿಯದೆ ನಾವು ಪಟ್ಟ ಪಾಡನ್ನು ಮೊದಲು ಹೇಳುವೆವು. ಕಳೆದ ಸಂಚಿಕೆಯ ಸಿದ್ಧತೆಯಲ್ಲಿ ನಮ್ಮ ಗಣಕದೊಳಗೆ ಎರಡು ಕೋಶಗಳಿದ್ದವು. ಬೇಡವಾದ ಮಸುಕು ಚಿತ್ರಗಳ ಕೋಶಕ್ಕೆ ‘ಹಳೆಯ ಚಿತ್ರಗಳು’ ಎಂದೂ, ಆರಿಸಿದ ಚಿತ್ರಗಳ ಕೋಶಕ್ಕೆ ‘ಚಿತ್ರಗಳು’ ಎಂದೂ ಹೆಸರಿಟ್ಟಿದ್ದೆವು. ಮೊದಲನೆಯದನ್ನು ಅಳಿಸಲು ಒಂದು ಚಿಕ್ಕ ಸ್ಕ್ರಿಪ್ಟ್ ಬರೆದು ನಡೆಸಿದೆವು. ‘ಹಳೆಯ ಎಂಬುದು ಇಲ್ಲಿಲ್ಲ’ ಎಂಬರ್ಥದ ಒಂದು ದೂರು ತೆರೆಯ ಮೇಲೆ ಮೂಡಿತು. ನೋಡುವಾಗ ‘ಹಳೆಯ ಚಿತ್ರಗಳು’ ಕೋಶವು ಹಾಗೆಯೇ ಇತ್ತು. ‘ಚಿತ್ರಗಳು’ ಕೋಶವು ಮಾಯವಾಗಿತ್ತು! ಕೆಲವು ಚಿತ್ರಗಳು ಪೋಷಕರ ಮೊಬೈಲುಗಳಿಂದ ಮರಳಿ ದೊರೆತವು; ಉಳಿದವು ದೊರೆಯಲಿಲ್ಲ. ಕ್ರೀಡಾದಿನದ ಪುಟವು ಚಿತ್ರವಿಲ್ಲದೆ ಅಚ್ಚಾದುದಕ್ಕೆ ಇದೇ ಕಾರಣ.

ಇದು ಹೇಗಾಯಿತು? ನಾವು ಬರೆದ ಆಜ್ಞೆಯನ್ನು ಓದಿ ಯಂತ್ರವನ್ನು ಕೆಲಸಕ್ಕೆ ಹಚ್ಚುವ ಮಧ್ಯಸ್ಥನೇ ಶೆಲ್; ಅಂತಹ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟುದೇ ಸ್ಕ್ರಿಪ್ಟ್. ಸ್ಟೀಫನ್ ಬೌರ್ನ್ ರಚಿಸಿದ ಶೆಲ್ 1979ರಲ್ಲಿ ಯೂನಿಕ್ಸ್‌ನ ಏಳನೆಯ ಆವೃತ್ತಿಯೊಡನೆ ಹೊರಬಂದಿತು. 1989ರಲ್ಲಿ ಬಂದ ಬ್ಯಾಷ್ ಅದೇ ಪರಂಪರೆಯದು. ಶೆಲ್ ಮೊದಲು ಆಜ್ಞೆಯ ಸಾಲನ್ನು ತೆರಪುಗಳಲ್ಲಿ ಕತ್ತರಿಸುತ್ತದೆ. ಸಾಮಾನ್ಯವಾಗಿ ಮೊದಲ ಪದವು ಆಜ್ಞೆ. ಉಳಿದವು ಆ ಆಜ್ಞೆಗೆ ಒಪ್ಪಿಸಿದ ಪದಾರ್ಥಗಳು. ಆಮೇಲೆ ಡಾಲರ್ ಚಿಹ್ನೆಯುಳ್ಳ ಚರಾಕ್ಷರದ ಸ್ಥಳದಲ್ಲಿ ಅದರ ಮೌಲ್ಯವನ್ನು ತುಂಬುತ್ತದೆ. ಅಲ್ಲಿಗೆ ಮುಗಿಯಲಿಲ್ಲ! ಹೀಗೆ ತುಂಬಿದ ಮೌಲ್ಯವನ್ನು ಅದು ಮತ್ತೊಮ್ಮೆ ಕತ್ತರಿಸುತ್ತದೆ. ಈ ಎರಡನೆಯ ಕತ್ತರಿಯೇ ನಮ್ಮನ್ನು ಕೆಡಿಸಿತು. ಚರಾಕ್ಷರದಲ್ಲಿದ್ದ ‘ಹಳೆಯ ಚಿತ್ರಗಳು’ ಎಂಬ ಒಂದು ಹೆಸರು ಎರಡಾಯಿತು. ‘ಹಳೆಯ’ ಎಂಬ ಕೋಶವಿರಲಿಲ್ಲ. ‘ಚಿತ್ರಗಳು’ ಇತ್ತು, ಅಳಿಯಿತು.

ಪರಿಹಾರವು ಅತಿ ಸುಲಭ. ಚರಾಕ್ಷರವನ್ನು ಜೋಡಿ ಉದ್ಧರಣ ಚಿಹ್ನೆಗಳೊಳಗೆ ಇಟ್ಟರೆ, ಮೌಲ್ಯವು ತುಂಬಲ್ಪಡುತ್ತದೆ, ಆದರೆ ಕತ್ತರಿಸಲ್ಪಡುವುದಿಲ್ಲ. ಒಂಟಿ ಉದ್ಧರಣ ಚಿಹ್ನೆಗಳೊಳಗಾದರೆ ಮೌಲ್ಯವೇ ತುಂಬುವುದಿಲ್ಲ. ಈ ಭೇದವನ್ನು ನೆನಪಿಡಬೇಕು.

ಇನ್ನು, ಎರಡನೆಯ ಬಾರಿ ಎಲ್ಲಿ ಕತ್ತರಿಸಬೇಕೆಂಬುದನ್ನು ಹೇಳುವುದು ಐಎಫ್‌ಎಸ್ ಎಂಬ ವಿಶೇಷ ಚರಾಕ್ಷರ. ನಾವು ಬದಲಿಸದಿದ್ದರೆ ಅದರಲ್ಲಿ ಮೂರು ವಿಭಜಕಗಳಿರುತ್ತವೆ: ತೆರಪು, ಟ್ಯಾಬ್, ಹೊಸಸಾಲು. ಮುಂಬಯಿಯಲ್ಲಿರುವ ನಮಗೆ ಪರಿಚಿತವಾದ ಲೋಕಲ್ ರೈಲು ನಿಲ್ದಾಣಗಳನ್ನೇ ನೋಡೋಣ: ಅಂಧೇರಿ, ವಿಲೆ ಪಾರ್ಲೆ, ಸಾಂತಾಕ್ರೂಜ್, ಖಾರ್ ರೋಡ್, ಬಾಂದ್ರಾ. ಇವನ್ನು ತೆರಪಿನಿಂದ ಮಾತ್ರ ಬೇರ್ಪಡಿಸಿ ಚರಾಕ್ಷರದಲ್ಲಿ ತುಂಬಿದರೆ, ಶೆಲ್ ಐದು ನಿಲ್ದಾಣಗಳನ್ನು ಏಳಾಗಿ ಎಣಿಸುತ್ತದೆ. ‘ಪಾರ್ಲೆ’ ಬೇರೆ, ‘ರೋಡ್’ ಬೇರೆ! ಹೆಸರುಗಳ ನಡುವೆ ಕೋಲನ್ ಚಿಹ್ನೆಯನ್ನಿಟ್ಟು, ಐಎಫ್‌ಎಸ್‌ಗೂ ಕೋಲನ್ ಒಂದನ್ನೇ ಕೊಟ್ಟರೆ ಐದು ಐದಾಗಿಯೇ ಉಳಿಯುತ್ತವೆ.

ಇಲ್ಲಿ ಒಂದು ಸೂಕ್ಷ್ಮವುಂಟು. ತೆರಪುಗಳು ಎಷ್ಟು ಕೂಡಿಬಂದರೂ ಶೆಲ್ ಅವನ್ನು ಒಂದೇ ವಿಭಜಕವೆಂದು ಭಾವಿಸುತ್ತದೆ. ಮೊದಲು ಕೊನೆಗಳ ತೆರಪುಗಳನ್ನು ಬಿಟ್ಟುಬಿಡುತ್ತದೆ. ಕೋಲನ್ ಹಾಗಲ್ಲ. ಎರಡು ಕೋಲನ್‌ಗಳು ಒತ್ತಾಗಿ ಬಂದರೆ ನಡುವೆ ಒಂದು ಬರಿದಾದ ಕ್ಷೇತ್ರವಿದೆಯೆಂದೇ ಅರ್ಥ. ಯೂನಿಕ್ಸ್‌ನ ಬಳಕೆದಾರರ ಕಡತದಲ್ಲಿ ಪ್ರತಿ ಸಾಲಿಗೂ ಕೋಲನ್‌ನಿಂದ ಬೇರ್ಪಟ್ಟ 7 ಕ್ಷೇತ್ರಗಳಿವೆ: ಹೆಸರು, ಗುಪ್ತಪದದ ಸ್ಥಾನ, ಬಳಕೆದಾರನ ಸಂಖ್ಯೆ, ಗುಂಪಿನ ಸಂಖ್ಯೆ, ವಿವರಣೆ, ಮನೆಕೋಶ, ಶೆಲ್. ಐದನೆಯದಾದ ವಿವರಣೆ ಬರಿದಾಗಿದ್ದರೂ ಮನೆಕೋಶವು ಆರನೆಯ ಸ್ಥಾನದಲ್ಲಿಯೇ ನಿಲ್ಲಬೇಕಷ್ಟೆ? ಖಾಲಿ ಬೆಂಚಿನಲ್ಲಿ ಹಿಂದಿನವರು ಬಂದು ಕುಳಿತರೆ ಹಾಜರಿ ಕೆಡುವುದಲ್ಲವೇ! ಇಂತಹ ಕಡತವನ್ನು ಓದುವಾಗ ರೀಡ್ ಆಜ್ಞೆಯ ಹಿಂದೆಯೇ, ಅದೇ ಸಾಲಿನಲ್ಲಿ, ಐಎಫ್‌ಎಸ್ ಬದಲಾವಣೆಯನ್ನು ಬರೆಯುವುದು ಲೇಸು. ಆಗ ಬದಲಾವಣೆಯು ಆ ಒಂದು ಆಜ್ಞೆಯ ಮಟ್ಟಿಗೆ ಮಾತ್ರ ನಡೆಯುತ್ತದೆ. ಸ್ಕ್ರಿಪ್ಟಿನ ಉಳಿದ ಭಾಗಕ್ಕೆ ಬಾಧೆಯಿಲ್ಲ.

ವಿಭಜಕದ ಮೇಲಣ ಅಧಿಕಾರವು ಸಾಮಾನ್ಯವಾದುದಲ್ಲ. ಹಳೆಯ ಬೌರ್ನ್ ಶೆಲ್ಲಿನಲ್ಲಿ ಐಎಫ್‌ಎಸ್ ಆಜ್ಞೆಯ ಎಲ್ಲ ಪದಗಳನ್ನೂ ಕತ್ತರಿಸುತ್ತಿತ್ತು. ಕಪಟಿಯಾದವನು ಓರೆಗೆರೆಯನ್ನೇ ವಿಭಜಕವನ್ನಾಗಿ ಮಾಡಿದರೆ, ಓರೆಗೆರೆ, ಬಿನ್, ಓರೆಗೆರೆ, ಮೇಲ್ ಎಂದು ಬರೆದ ದಾರಿಯು ಒಡೆದು, ‘ಬಿನ್’ ಎಂಬುದೇ ಆಜ್ಞೆಯಾಗುತ್ತಿತ್ತು. ಆ ಹೆಸರಿನ ತನ್ನ ಕಾರ್ಯಕ್ರಮವನ್ನು ಮೊದಲೇ ಸಿದ್ಧಮಾಡಿಟ್ಟು, ಅಧಿಕಾರವುಳ್ಳ ಕಾರ್ಯಕ್ರಮದ ಕೈಯಿಂದಲೇ ಅದನ್ನು ನಡೆಸಬಹುದಾಗಿತ್ತು. ಆದಕಾರಣ ಬ್ಯಾಷ್ ಮೊದಲಾದ ಈಗಿನ ಶೆಲ್ಲುಗಳು ಹೊರಗಿನಿಂದ ಬಂದ ಐಎಫ್‌ಎಸ್ ಮೌಲ್ಯವನ್ನು ಒಪ್ಪುವುದಿಲ್ಲ. ನಾವು ನೇರವಾಗಿ ಬರೆದ ಪದಗಳಿಗೆ ಅದನ್ನು ಅನ್ವಯಿಸುವುದೂ ಇಲ್ಲ.

ಶೆಲ್ ನಮ್ಮ ಮನಸ್ಸನ್ನು ಓದದು, ನಾವು ಬರೆದುದನ್ನು ಮಾತ್ರ ಓದುತ್ತದೆ. ಎಲ್ಲಿ ಕತ್ತರಿಸಬೇಕು, ಎಲ್ಲಿ ಕತ್ತರಿಸಬಾರದು ಎಂಬುದನ್ನು ಹೇಳುವ ಹೊಣೆ ನಮ್ಮದು. ಅಳಿಸುವ ಆಜ್ಞೆಯನ್ನು ನಡೆಸುವ ಮುನ್ನ ಅದೇ ಚರಾಕ್ಷರವನ್ನು ಪಟ್ಟಿ ಮಾಡುವ ಆಜ್ಞೆಗೆ ಕೊಟ್ಟು ನೋಡಿರಿ. ಉದ್ಧರಣ ಚಿಹ್ನೆಗಳನ್ನು ಮರೆಯದಿರಿ. ನಮ್ಮ ಶಾಲೆಯು ಕಳೆದುಕೊಂಡ ಚಿತ್ರಗಳು ಮರಳಿ ಬಾರವು, ನಿಮ್ಮವು ಉಳಿಯಲಿ.